ಹೂವಿನ ಮುಂದೆ ತೇಲುವ ಪತಂಗ: ಕಣ್ಣು ಸ್ಪಷ್ಟವಾದರೆ ಹೀರುಕೊಳವೆ ಮಸುಕು, ಏನು ಮಾಡಲಿ?

ಬೇಲಿಸಾಲು (ಸಾಗರ)

ಎಲ್ಲರಿಗೂ ನಮಸ್ಕಾರ. ಸಾಗರದ ಪೇಟೆಯಿಂದ ಒಂದಷ್ಟು ದೂರ ಒಳಗಿರುವ ನಮ್ಮ ಅಡಿಕೆ ತೋಟದ ಬೇಲಿಯ ಗುಂಟ, ಮಳೆ ಹಿಂದೆ ಸರಿಯುವ ಹೊತ್ತಿಗೆ ನೀಲಿ ಹೂವಿನ ಸ್ಟ್ಯಾಕಿಟಾರ್ಫೆಟಾ, ಗೊಂಡೆಗೊಂಡೆಯಾಗಿ ಅರಳುವ ಅಜರೇಟಮ್, ತುಂಬೆ, ಹಾಗೂ ಯಾರೋ ಹಿಂದೆಂದೋ ನೆಟ್ಟು ಈಗ ತನ್ನಷ್ಟಕ್ಕೆ ಹಬ್ಬಿಕೊಂಡಿರುವ ಸಂಜೆಮಲ್ಲಿಗೆ ಒಟ್ಟಿಗೆ ಬೆಳೆದು ನಿಲ್ಲುತ್ತವೆ. ಈ ಹೂಗಳಿಗೆ ಬರುವ ಪತಂಗಗಳ ಚಿತ್ರ ತೆಗೆಯಲು ಎರಡು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ. ಮನೆಯ ದೀಪಕ್ಕೆ ಬಂದು ಗೋಡೆಯ ಮೇಲೆ ಕೂರುವ ಪತಂಗಗಳ ಚಿತ್ರಗಳು ನನ್ನಲ್ಲಿ ಬೇಕಾದಷ್ಟಿವೆ. ಆದರೆ ಅವು ಏನನ್ನೂ ಮಾಡದೆ ಸುಮ್ಮನೆ ಕುಳಿತಿರುತ್ತವೆಯಾದ್ದರಿಂದ ಈಗ ಅವುಗಳಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ಹೂವಿನಿಂದ ಮಕರಂದ ಹೀರುವಾಗಿನ ಚಿತ್ರವೇ ಬೇಕಾಗಿದೆ.

ನನ್ನಲ್ಲಿರುವುದು ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ) ಸೆನ್ಸರಿನ ಕ್ಯಾಮೆರಾ, 1:1 ಅನುಪಾತದವರೆಗೆ, ಅಂದರೆ ಸೆನ್ಸರಿನ ಮೇಲೆ ವಸ್ತುವಿನ ನಿಜಗಾತ್ರದ ಬಿಂಬ ಬೀಳುವವರೆಗೆ ಹೋಗುವ 90 ಮಿಲಿಮೀಟರಿನ ಮ್ಯಾಕ್ರೋ ಲೆನ್ಸ್, ಒಂದು ಸಾಧಾರಣ ಫ್ಲ್ಯಾಶ್, ಅದಕ್ಕೆ ಬಿಳಿ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದಿಂದ ಬೆಳಕನ್ನು ಹರಡಿ ಮೃದುಮಾಡಲು ನಾನೇ ಮಾಡಿಕೊಂಡ ಡಿಫ್ಯೂಸರ್. ತೊಂದರೆ ಏನೆಂದರೆ, ಪತಂಗದ ಕಣ್ಣಿಗೆ ಫೋಕಸ್ ಮಾಡಿದರೆ ಹೂವಿನೊಳಗೆ ಇಳಿದಿರುವ ಹೀರುಕೊಳವೆ ಮಸುಕಾಗುತ್ತದೆ, ಹೂವಿಗೆ ಮಾಡಿದರೆ ಕಣ್ಣು ಹೋಗುತ್ತದೆ. ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಲೆನ್ಸಿನ ರಂಧ್ರವನ್ನು, ಎಫ್/22ಕ್ಕೆ ಇಳಿಸಿ ನೋಡಿದೆ. ಆಗ ಇಡೀ ಚಿತ್ರವೇ ಮೆತ್ತಗಾಯಿತು. ಸಂಜೆ ಐದೂವರೆಗೆ ಇನ್ನೂ ಬೆಳಕಿರುವಾಗ ತೆಗೆದ ಚಿತ್ರವೂ ಹಿನ್ನೆಲೆಯೆಲ್ಲ ಕಪ್ಪಾಗಿ ನಡುರಾತ್ರಿಯದ್ದರಂತೆ ಕಾಣುತ್ತದೆ. ರಾತ್ರಿ ಅಜರೇಟಮ್ ಮೇಲೆ ಕೂರುವ ಸಣ್ಣ ಕಂದು ಪತಂಗಗಳ ಕಣ್ಣುಗಳಂತೂ ಕೆಂಡದ ಹಾಗೆ ಹೊಳೆದು ಚಿತ್ರ ಕೆಡುತ್ತದೆ. ಫ್ಲ್ಯಾಶ್ ಬೆಳಕಿನಿಂದ ಅವುಗಳಿಗೆ ತೊಂದರೆ ಆಗುತ್ತದೆಯೇ ಎಂಬ ಅಳುಕೂ ಇದೆ.

ಕೊನೆಯದಾಗಿ, ಬೆಳಗಿನ ಹೊತ್ತು ಸ್ಟ್ಯಾಕಿಟಾರ್ಫೆಟಾಕ್ಕೆ ಬರುವ ಒಂದು ಪತಂಗದ ಗುರುತು ಬೇಕಾಗಿದೆ. ಗಾಜಿನಂತೆ ಪಾರದರ್ಶಕವಾದ ರೆಕ್ಕೆ, ಹಸಿರು ಮೈ, ಸೊಂಟದ ಬಳಿ ಕೆಂಗಂದು ಪಟ್ಟಿ, ಹಿಂತುದಿಯಲ್ಲಿ ಕಪ್ಪು ಕುಚ್ಚು. ಮೊದಲ ಸಲ ಅದನ್ನು ದೊಡ್ಡ ದುಂಬಿಯೆಂದೇ ತಿಳಿದು ಹಿಂದೆ ಸರಿದಿದ್ದೆ.

ಮುಸ್ಸಂಜೆ (ಮೈಸೂರು)

ನಮಸ್ಕಾರ ಸರ್. ನಿಮ್ಮ ಮೊದಲ ತೊಂದರೆ ಲೆನ್ಸಿನ ದೋಷವೂ ಅಲ್ಲ, ಕೈಯ ದೋಷವೂ ಅಲ್ಲ. 1:1ರಲ್ಲಿ ಎಫ್/11 ಇಟ್ಟುಕೊಂಡರೂ ನಿಮ್ಮ ಸೆನ್ಸರಿನಲ್ಲಿ ಸ್ಪಷ್ಟವಾಗಿ ಬರುವ ಪದರದ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಪತಂಗದ ಕಣ್ಣಿನಿಂದ ಹೂವಿನ ಬಾಯಿಗೆ ಒಂದೆರಡು ಸೆಂಟಿಮೀಟರ್ ಅಂತರವಿರುವಾಗ, ಎದುರಿನಿಂದ ಅಥವಾ ಓರೆಯಾಗಿ ತೆಗೆದರೆ ಎರಡೂ ಆ ಪದರದೊಳಗೆ ಬೀಳುವ ಮಾತೇ ಇಲ್ಲ. ಎಫ್/22ಕ್ಕೆ ಇಳಿಸಿದಾಗ ಚಿತ್ರ ಮೆತ್ತಗಾದದ್ದಕ್ಕೂ ಕಾರಣವಿದೆ: 1:1ರಲ್ಲಿ ಲೆನ್ಸಿನ ಮೇಲೆ ಕಾಣುವ ಅಪರ್ಚರ್ ಸಂಖ್ಯೆ ವಾಸ್ತವದಲ್ಲಿ ಸುಮಾರು ಇಮ್ಮಡಿಯಾಗಿ ವರ್ತಿಸುತ್ತದೆ, ಅಂದರೆ ನಿಮ್ಮ ಎಫ್/22 ಎಫ್/44ರಂತೆ ಕೆಲಸ ಮಾಡುತ್ತದೆ, ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಹರಡಿಕೊಂಡು ಸೂಕ್ಷ್ಮ ವಿವರಗಳನ್ನೆಲ್ಲ ಅಳಿಸಿಬಿಡುತ್ತದೆ. ಆದ್ದರಿಂದ ಎಫ್/8 ಮತ್ತು ಎಫ್/11ರ ನಡುವೆಯೇ ಇರಿ.

ಮುಖ್ಯವಾಗಿ 1:1ರ ಹಟವನ್ನು ಬಿಡಿ. ಮ್ಯಾಕ್ರೋ ಲೆನ್ಸ್ ಕೊಂಡವರೆಲ್ಲರೂ ಮೊದಲ ವರ್ಷ ಅದರ ಕೊನೆಯ ಗೆರೆಯವರೆಗೆ ತಿರುಗಿಸಿಯೇ ತೃಪ್ತಿಪಡುತ್ತಾರೆ. ನಾನೂ ಹಾಗೆಯೇ ಮಾಡಿದವನು. 1:3ಕ್ಕೆ ಹಿಂದೆ ಬಂದರೆ ನಿಮ್ಮ ಚೌಕಟ್ಟಿನಲ್ಲಿ ಸುಮಾರು ಏಳು ಸೆಂಟಿಮೀಟರ್ ಅಗಲ ಹಿಡಿಸುತ್ತದೆ, ಅಷ್ಟರಲ್ಲಿ ನೀವು ಹೇಳುತ್ತಿರುವ ಪತಂಗವೂ ಹೂವೂ ಒಟ್ಟಿಗೆ ಕೂರುತ್ತವೆ. ಸ್ಪಷ್ಟವಾದ ಪದರವೂ ಎಫ್/11ರಲ್ಲಿ ಐದು ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ. ಆಮೇಲೆ ಉಳಿಯುವುದು ನೀವು ನಿಲ್ಲುವ ಕೋನದ ಪ್ರಶ್ನೆ ಮಾತ್ರ. ಕಣ್ಣು, ಹೀರುಕೊಳವೆ, ಹೂವಿನ ನಾಳ ಈ ಮೂರೂ ಒಂದೇ ಗೆರೆಯಲ್ಲಿರುತ್ತವೆ. ಆ ಗೆರೆಗೆ ಸರಿಯಾಗಿ ಪಕ್ಕದಲ್ಲಿ, ಸೆನ್ಸರ್ ಅದಕ್ಕೆ ಸಮಾನಾಂತರವಾಗಿರುವಂತೆ ನಿಂತರೆ ಮೂರೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ನಿಮ್ಮ ಕಡೆಗಿರುವ ರೆಕ್ಕೆ ಮಸುಕಾಗಿಯೇ ಆಗುತ್ತದೆ. ಅದು ಆಗಲಿ.

ಆದರೆ ತೇಲುತ್ತಿರುವ ಪತಂಗಕ್ಕೆ ಪಕ್ಕದಲ್ಲಿ ನಿಲ್ಲುವುದು ಹೇಗೆ ಎಂದು ಕೇಳುತ್ತೀರಿ. ಅದರ ಹಿಂದೆ ಓಡಿದರೆ ಎಂದೂ ಆಗುವುದಿಲ್ಲ. ನಾನು ಮಾಡುವುದು ಇಷ್ಟು: ಮೊದಲ ದಿನ ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟು, ಪತಂಗ ಎಷ್ಟು ಹೊತ್ತಿಗೆ ಬರುತ್ತದೆ, ಪೊದೆಯ ಯಾವ ಕಡೆಯಿಂದ ಶುರುಮಾಡುತ್ತದೆ, ಒಂದು ಸುತ್ತು ಮುಗಿಸಿ ಮತ್ತೆ ಎಷ್ಟು ಹೊತ್ತಿಗೆ ಹಿಂದಿರುಗುತ್ತದೆ ಎಂಬುದನ್ನು ನೋಡುತ್ತೇನೆ. ಸ್ಟ್ಯಾಕಿಟಾರ್ಫೆಟಾ ಇದಕ್ಕೆ ತುಂಬ ಅನುಕೂಲದ ಗಿಡ; ಅದರ ಉದ್ದನೆಯ ತೆನೆಯಲ್ಲಿ ಒಂದು ದಿನಕ್ಕೆ ಒಂದು ಉಂಗುರದಷ್ಟು ಹೂಗಳು ಮಾತ್ರ ಬೆಳಿಗ್ಗೆ ಅರಳಿ ಮಧ್ಯಾಹ್ನದ ನಂತರ ಉದುರುತ್ತವೆಯಾದ್ದರಿಂದ, ಪತಂಗದ ಮೂತಿ ತೆನೆಯ ಯಾವ ಎತ್ತರಕ್ಕೆ ಬರುತ್ತದೆ ಎಂಬುದು ಅದು ಬರುವ ಮುಂಚೆಯೇ ನಿಮಗೆ ಗೊತ್ತಿರುತ್ತದೆ. ಗುಂಪಿನಿಂದ ಸ್ವಲ್ಪ ಹೊರಗೆ ಚಾಚಿರುವ ಒಂದು ತೆನೆಯನ್ನು ಆರಿಸಿ, ಆಟೋಫೋಕಸ್ ಬಂದ್ ಮಾಡಿ, ಅರಳಿದ ಹೂವಿಗೆ ಮ್ಯಾನ್ಯುಯಲ್ ಆಗಿ ಫೋಕಸ್ ಕಟ್ಟಿ, ಮಂಡಿಯೂರಿ ಕಾಯಿರಿ. ಪತಂಗ ಬಂದಾಗ ರಿಂಗ್ ಮುಟ್ಟಬೇಡಿ. ಮೈಯನ್ನೇ ಒಂದೆರಡು ಸೆಂಟಿಮೀಟರ್ ಹಿಂದೆ ಮುಂದೆ ತೂಗುತ್ತ ಕಣ್ಣು ಸ್ಪಷ್ಟವಾದ ಕ್ಷಣಕ್ಕೆ ಒತ್ತಿ.

ಹಿನ್ನೆಲೆ ಕಪ್ಪಾಗುವುದು ಬರೀ ಲೆಕ್ಕದ ವಿಚಾರ. ಫ್ಲ್ಯಾಶಿನಿಂದ ಪತಂಗ 15 ಸೆಂಟಿಮೀಟರ್ ದೂರವಿದ್ದು ಹಿಂದಿನ ಎಲೆ 60 ಸೆಂಟಿಮೀಟರ್ ದೂರವಿದ್ದರೆ ಆ ಎಲೆಗೆ ತಲುಪುವ ಬೆಳಕು ಹದಿನಾರನೇ ಒಂದು ಪಾಲು. ಹಿಂದೆ ಗೇಣಿನೊಳಗೆ ಹಸಿರಿರುವ ತೆನೆಯನ್ನೇ ಆರಿಸಬಹುದು, ಇಲ್ಲವೇ ಐಎಸ್ಒವನ್ನು (ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು) 800 ಅಥವಾ 1600ಕ್ಕೆ ಏರಿಸಿ ಸಂಜೆಯ ಬೆಳಕನ್ನೂ ಚಿತ್ರದೊಳಗೆ ಬಿಟ್ಟುಕೊಳ್ಳಬಹುದು. ಶಟರ್ 1/200 ಇರಲಿ, ಫ್ಲ್ಯಾಶನ್ನು ಮ್ಯಾನ್ಯುಯಲ್‌ನಲ್ಲಿ ಹದಿನಾರನೇ ಒಂದು ಭಾಗಕ್ಕೆ ಅಥವಾ ಇನ್ನೂ ಕಡಿಮೆಗೆ ಇಳಿಸಿ. ಶಕ್ತಿ ಕಡಿಮೆಯಾದಷ್ಟೂ ಮಿಂಚಿನ ಅವಧಿ ಕಿರಿದಾಗುತ್ತದೆ, ಸೆಕೆಂಡಿನ ಸಾವಿರಾರು ಭಾಗದಲ್ಲಿ ಒಂದಕ್ಕೆ ಇಳಿಯುತ್ತದೆ. ಚಲನೆಯನ್ನು ನಿಲ್ಲಿಸುವುದು ಆ ಮಿಂಚೇ ಹೊರತು ಶಟರ್ ಅಲ್ಲ. ಇದೇ ಕಾರಣಕ್ಕೆ ಹೈಸ್ಪೀಡ್ ಸಿಂಕ್ (ವೇಗದ ಶಟರಿಗಾಗಿ ಫ್ಲ್ಯಾಶ್ ಒಂದೇ ಮಿಂಚಿನ ಬದಲು ಸಣ್ಣ ಮಿಂಚುಗಳ ಸಾಲನ್ನು ಹೊಡೆಯುವ ವ್ಯವಸ್ಥೆ) ಹಾಕಬೇಡಿ, ಅದರಲ್ಲಿ ಈ ಲಾಭ ಕೈತಪ್ಪುತ್ತದೆ.

ಡಿಫ್ಯೂಸರ್ ಬಗ್ಗೆ ಒಂದು ಮಾತು. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ತಪ್ಪಲ್ಲ, ಆದರೆ ಅದು ಫ್ಲ್ಯಾಶಿನ ತಲೆಗೇ ಅಂಟಿಕೊಂಡಿದ್ದರೆ ಪ್ರಯೋಜನ ಕಡಿಮೆ. ಫ್ಲ್ಯಾಶಿಗೂ ಮುಚ್ಚಳಕ್ಕೂ ನಾಲ್ಕು ಬೆರಳು ಜಾಗ ಬಿಟ್ಟು, ಮುಚ್ಚಳ ಲೆನ್ಸಿನ ತುದಿಯ ಮೇಲೆ ಚಾವಣಿಯಂತೆ ಬಾಗಿರುವ ಹಾಗೆ ಕಟ್ಟಿ ನೋಡಿ. ಪತಂಗದ ಕಣ್ಣಿನ ಮೇಲೆ ಚುಕ್ಕೆಯಂತೆ ಕುಕ್ಕುತ್ತಿದ್ದ ಬಿಳಿ ಹೊಳಪು ಹರಡಿಕೊಂಡು ಮೃದುವಾಗುತ್ತದೆ.

ಇನ್ನೊಂದು ಎಚ್ಚರಿಕೆ, ಇದು ನನ್ನದೇ ಪೆದ್ದುತನದ ಕಥೆ. ಚಾಮುಂಡಿ ಬೆಟ್ಟದ ಬುಡದ ಕುರುಚಲಿನಲ್ಲಿ ಒಮ್ಮೆ ಲಂಟಾನದ ಮೇಲೆ ಒಂದು ಪತಂಗ ಹೀರುಕೊಳವೆಯನ್ನು ಹೊರಚಾಚಿ, ರೆಕ್ಕೆ ಹರಡಿ ಎಷ್ಟು ಸ್ಥಿರವಾಗಿ ಕುಳಿತಿತ್ತೆಂದರೆ, ಟ್ರೈಪಾಡ್ ಹಾಕಿ ಫೋಕಸನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹದಿನೆಂಟು ಚಿತ್ರ ತೆಗೆದು, ಇಂಥ ಭಾಗ್ಯ ಮತ್ತೆ ಸಿಗದೆಂದು ಬೀಗುತ್ತ ಮನೆಗೆ ಬಂದೆ. ಕಂಪ್ಯೂಟರಿನ ಪರದೆಯ ಮೇಲೆ ಎಲ್ಲವನ್ನೂ ಜೋಡಿಸಿದ ಮೇಲೆ ಪತಂಗದ ಕುತ್ತಿಗೆಯ ಕೆಳಗೆ ಎರಡು ಹಳದಿ ಕಾಲು ಕಂಡವು. ಹೂವಿನದೇ ಬಣ್ಣದ ಏಡಿ ಜೇಡವೊಂದು ಅದನ್ನು ಹಿಡಿದು ತಿನ್ನುತ್ತಿತ್ತು; ನಾನು ಒಂದು ಹೆಣದ ಚಿತ್ರ ತೆಗೆಯುತ್ತ ಮುಕ್ಕಾಲು ಗಂಟೆ ಕಳೆದಿದ್ದೆ. ಅಂದಿನಿಂದ, ಮಿತಿಮೀರಿ ಸುಮ್ಮನಿರುವ ಪತಂಗ ಕಂಡರೆ ಮೊದಲು ಹೂವಿನ ಅಡಿಯನ್ನು ನೋಡುತ್ತೇನೆ.

ಎಳೆಬಿಸಿಲು (ಶಿವಮೊಗ್ಗ)

ಮೇಲಿನವರ ಕೋನದ ಮಾತನ್ನು ಪೂರ್ತಿ ಒಪ್ಪುತ್ತೇನೆ, ಫ್ಲ್ಯಾಶಿನ ಮಾತನ್ನು ಅಷ್ಟಾಗಿ ಒಪ್ಪಲಾರೆ. ಬೆಳಗಿನ ಹೊತ್ತು ಬರುವ ಪತಂಗಕ್ಕೆ ಫ್ಲ್ಯಾಶ್ ಏಕೆ ಬೇಕು? ಹಾಕ್‌ಮಾತ್‌ಗಳು (ಹೂವಿನ ಮುಂದೆ ಗಾಳಿಯಲ್ಲೇ ನಿಂತು ಹೀರುವ ಪತಂಗಗಳ ಕುಟುಂಬ) ತೇಲುವಾಗ ಸೆಕೆಂಡಿಗೆ ಹತ್ತಾರು ಸಲ ರೆಕ್ಕೆ ಬಡಿಯುತ್ತವೆ. ಆ ರೆಕ್ಕೆಯನ್ನು ಮಿಂಚಿನಲ್ಲಿ ಹೆಪ್ಪುಗಟ್ಟಿಸಿದರೆ, ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿಟ್ಟ ಮಾದರಿಯೊಂದನ್ನು ಹೂವಿನ ಮುಂದೆ ತೂಗುಹಾಕಿದಂತೆ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ತಲೆ ಮತ್ತು ಹೀರುಕೊಳವೆ ಸ್ಪಷ್ಟವಾಗಿದ್ದು ರೆಕ್ಕೆ ಹೊಗೆಯಂತೆ ಹರಡಿದ್ದರೆ ಅದು ಹಾರುತ್ತಿದೆ ಎಂಬುದು ನೋಡುವವನಿಗೆ ಹೇಳದೆಯೇ ತಿಳಿಯುತ್ತದೆ. ಬಿಸಿಲು ಏರುವ ಮುಂಚೆ, ಎಳೆಬಿಸಿಲು ಪಕ್ಕದಿಂದ ಬೀಳುವಾಗ, ಎಫ್/8, ಶಟರ್ 1/1000, ಐಎಸ್ಒ 1600 ಇಟ್ಟು ಒಮ್ಮೆ ತೆಗೆದು ನೋಡಿ. ಒಂದಿಷ್ಟು ಕಾಳುಕಾಳಾಗಿ ಬಂದರೂ ಬಣ್ಣ ನಿಜವಾದದ್ದಾಗಿರುತ್ತದೆ. ರಾತ್ರಿಯ ಚಿತ್ರಗಳಿಗೆ ಫ್ಲ್ಯಾಶ್ ಅನಿವಾರ್ಯ, ಅದರಲ್ಲಿ ನನ್ನ ತಕರಾರಿಲ್ಲ.

ಕಡಲಂಚು (ಕಾರವಾರ)

ಗುರುತಿನ ವಿಚಾರಕ್ಕೆ ಬರುತ್ತೇನೆ. ಪಾರದರ್ಶಕ ರೆಕ್ಕೆ, ಹಸಿರು ಮೈ, ಕಪ್ಪು ಕುಚ್ಚು ಎಂದರೆ ಅದು ಹಗಲಿನಲ್ಲಿ ಹಾರುವ ಹಾಕ್‌ಮಾತ್ ಸೆಫೊನೋಡಿಸ್ ಹೈಲಾಸ್. ಕೋಶದಿಂದ ಹೊರಬಂದಾಗ ಇದರ ರೆಕ್ಕೆಯ ಮೇಲೂ ಬೂದು ಬಣ್ಣದ ಹುರುಪೆಗಳು ಇರುತ್ತವೆ. ಮೊದಲ ಹಾರಾಟದಲ್ಲೇ ಅವು ಉದುರಿ ರೆಕ್ಕೆ ಗಾಜಾಗುತ್ತದೆ. ನೀವು ದುಂಬಿಯೆಂದು ತಿಳಿದು ಹಿಂದೆ ಸರಿದದ್ದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಹಕ್ಕಿಗಳೂ ಹಾಗೆಯೇ ತಿಳಿಯಲಿ ಎಂಬಂತೆಯೇ ಅದರ ವೇಷವಿದೆ. ಇದರ ಹುಳು ತಿನ್ನುವುದು ಕಾಫಿಯ ಕುಟುಂಬದ ಗಿಡಗಳ ಎಲೆಯನ್ನು, ಕಾಫಿಯನ್ನೂ ಸೇರಿಸಿ. ನಿಮ್ಮ ಅಡಿಕೆಯ ನಡುವೆ ಕಾಫಿ ಗಿಡಗಳಿದ್ದರೆ ಹುಡುಕಿ ನೋಡಬಹುದು.

ಸಂಜೆ ಬರುವುದು ಕಂದು ಬಣ್ಣದ್ದಾಗಿದ್ದು ಹಿಂದಿನ ರೆಕ್ಕೆಯಲ್ಲಿ ಹಳದಿ ಅಥವಾ ಕಿತ್ತಳೆ ಕಂಡರೆ ಅದು ಮ್ಯಾಕ್ರೊಗ್ಲೋಸಮ್ ಗುಂಪಿನದು; ಆ ಗ್ರೀಕ್ ಹೆಸರಿನ ಅರ್ಥವೇ ದೊಡ್ಡ ನಾಲಿಗೆ ಎಂದು. ಈ ಗುಂಪಿನಲ್ಲಿ ಒಂದರಂತೆ ಇನ್ನೊಂದು ಕಾಣುವ ಹಲವು ಜಾತಿಗಳಿವೆ. ಪಕ್ಕದಿಂದ ತೆಗೆದ ಎಷ್ಟೇ ಚಂದದ ಚಿತ್ರವಾದರೂ ಜಾತಿ ಹೇಳಲು ಸಾಲದೇ ಹೋಗಬಹುದು, ಹಾಗಾಗಿ ಸುಂದರವಲ್ಲದಿದ್ದರೂ ಮೇಲಿನಿಂದ ಒಂದು, ಕೆಳಭಾಗದಿಂದ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಇರುಳಿನಲ್ಲಿ ಸಂಜೆಮಲ್ಲಿಗೆಗೆ ದೊಡ್ಡದೊಂದು ಬೂದು ಪತಂಗ ಬಂದು, ಹೊಟ್ಟೆಯ ಎರಡೂ ಬದಿಗೆ ಗುಲಾಬಿ ಪಟ್ಟಿಗಳು ಕಂಡರೆ ಅದು ಅಗ್ರಿಯಸ್ ಕನ್ವಾಲ್ವುಲಿ. ಅದರ ಹೀರುಕೊಳವೆ ಮೈಗಿಂತ ಉದ್ದ, ಹತ್ತು ಸೆಂಟಿಮೀಟರಿನಷ್ಟು ಇರಬಲ್ಲದು. ಅದರ ಚಿತ್ರಕ್ಕೆ ಮುಸ್ಸಂಜೆಯವರು ಹೇಳಿದ ಚೌಕಟ್ಟೂ ಸಾಲುವುದಿಲ್ಲ, ಇನ್ನೂ ಹಿಂದೆ ಸರಿಯಬೇಕು.

ಹಾಕ್‌ಮಾತ್‌ಗಳ ವಿಚಾರದಲ್ಲಿ ನಮ್ಮ ಊರಿಗೆ ಒಂದು ಹಿರಿಮೆ ಇದೆ. ಉತ್ತರ ಕನ್ನಡದಲ್ಲಿ ಅರಣ್ಯಾಧಿಕಾರಿಯಾಗಿದ್ದು ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದ ಟಿ. ಆರ್. ಬೆಲ್ ಅವರು ಹುಳುಗಳನ್ನು ತಂದು ಸಾಕಿ, ಯಾವ ಗಿಡದ ಹುಳು ಯಾವ ಪತಂಗವಾಗುತ್ತದೆ ಎಂದು ವರ್ಷಾನುಗಟ್ಟಲೆ ಬರೆದಿಟ್ಟರು. ಎಫ್. ಬಿ. ಸ್ಕಾಟ್ ಅವರೊಂದಿಗೆ ಸೇರಿ ಅವರು ಬರೆದ ಭಾರತದ ಹಾಕ್‌ಮಾತ್‌ಗಳ ಸಂಪುಟ 1937ರಲ್ಲಿ ಪ್ರಕಟವಾಯಿತು. ನೀವು ಸಾಗರದ ಬೇಲಿಯಲ್ಲಿ ನೋಡುವ ಹಾಕ್‌ಮಾತ್‌ಗಳ ಎಳೆತನದ ವಿವರಗಳನ್ನು ಇಂದಿಗೂ ಅದರಲ್ಲೇ ಹುಡುಕುತ್ತಾರೆ. ಅವರು ಗಿಡದ ಹೆಸರಿಗೆ ಕೊಟ್ಟ ಮಹತ್ವವನ್ನು ನಾವು ಕೊಡುವುದಿಲ್ಲ ಎಂಬುದೇ ನನ್ನ ದೂರು. ಪತಂಗದ ಚಿತ್ರದೊಂದಿಗೆ ಹೂವಿನದೂ ಎಲೆಯದೂ ಬೇರೆಯಾಗಿ ಒಂದು ಚಿತ್ರ, ದಿನ, ಗಂಟೆ ಇಷ್ಟಿದ್ದರೆ ನಿಮ್ಮ ಚಿತ್ರ ಬರೀ ಚಿತ್ರವಾಗಿ ಉಳಿಯುವುದಿಲ್ಲ.

ನಿಮ್ಮ ಅಜರೇಟಮ್ ಬಗ್ಗೆ ಸ್ವಲ್ಪ ಹೇಳಬೇಕು. ಆ ಗಿಡದಲ್ಲೂ, ಕ್ರೊಟಲೇರಿಯಾ ಮತ್ತು ಚೇಳುಕೊಂಡಿ ಗಿಡಗಳಲ್ಲೂ ಪೈರೊಲಿಜಿಡೀನ್ ಎಂಬ ಗುಂಪಿನ ಕಹಿ ವಿಷಗಳಿವೆ. ಕಣಜದ ವೇಷದ ಅಮಾಟಾ, ಬಿಳಿ ರೆಕ್ಕೆಯ ಮೇಲೆ ಕೆಂಪು ಕಪ್ಪು ಚುಕ್ಕೆಗಳ ಉಟೆಥೀಸಾ ಮುಂತಾದವುಗಳ ಬಳಗ ಈ ವಿಷವನ್ನು ತನ್ನ ಮೈಯಲ್ಲಿ ಸಂಗ್ರಹಿಸಿಕೊಂಡು ಶತ್ರುಗಳಿಂದ ಪಾರಾಗುವುದಕ್ಕೆ ಹೆಸರಾದದ್ದು, ಕೆಲವು ಜಾತಿಗಳಲ್ಲಿ ಗಂಡುಗಳು ಹೆಣ್ಣನ್ನು ಒಲಿಸುವ ಕಂಪನ್ನೂ ಇದರಿಂದಲೇ ಮಾಡಿಕೊಳ್ಳುತ್ತವೆ. ಅಂಥ ಪತಂಗಗಳು ಹೂವಿನ ಮೇಲೆ ಕೂತರೆ ಬೇಗ ಏಳುವುದಿಲ್ಲ. ಹಾರುವ ಹಾಕ್‌ಮಾತ್ ಮೇಲೆ ಕೈ ಪಳಗುವ ಮುನ್ನ ಹಗಲಿನಲ್ಲಿ ಕೂತು ಹೀರುವ ಅಮಾಟಾ ಮೇಲೆ ಅಭ್ಯಾಸ ಮಾಡಿ. ಕೋನದ ಪಾಠವೆಲ್ಲ ಅಲ್ಲೇ ಕಲಿಯಬಹುದು.

ಒಂದು ವಿನಂತಿ. ಮಕರಂದ ಹೀರುವ ಪ್ರತಿ ಚಿತ್ರದ ಕೆಳಗೂ ಪರಾಗಸ್ಪರ್ಶ ಎಂದು ಬರೆಯುವ ಅಭ್ಯಾಸ ಈಗೀಗ ಬೆಳೆದಿದೆ. ಉದ್ದನೆಯ ಕೊಳವೆಯಿಂದ ದೂರದಲ್ಲೇ ನಿಂತು ಕುಡಿದು ಹೋಗುವ ಪತಂಗ ಹೂವಿನ ಕೇಸರವನ್ನು ಮುಟ್ಟದೆಯೇ ಹೋಗಿರಬಹುದು. ಮುಟ್ಟಿದ್ದರೆ ಅದರ ಗುರುತು ಚಿತ್ರದಲ್ಲೇ ಇರುತ್ತದೆ. ಮಳೆಗಾಲದ ಹೆಬನೇರಿಯಾ ಆರ್ಕಿಡ್‌ಗಳಿಗೆ ಬರುವ ಹಾಕ್‌ಮಾತ್‌ಗಳ ಕಣ್ಣಿಗೋ ಹೀರುಕೊಳವೆಗೋ ಪರಾಗದ ಹಳದಿ ಗಂಟು ಅಂಟಿಕೊಂಡಿರುವುದು ಮ್ಯಾಕ್ರೋ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಕಸವೆಂದು ತಿಳಿದು ಫೋಟೋಶಾಪಿನಲ್ಲಿ ಅಳಿಸಿದವರೊಬ್ಬರನ್ನು ನಾನು ಬಲ್ಲೆ.

ಮುಸ್ಸಂಜೆ (ಮೈಸೂರು)

ಹೊಳೆಯುವ ಕಣ್ಣಿನ ಪ್ರಶ್ನೆಗೆ ಉತ್ತರಿಸುವುದನ್ನು ಮರೆತಿದ್ದೆ. ಇರುಳಿಗೆ ಹೊಂದಿಕೊಂಡ ಪತಂಗದ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಪದರವಿದೆ. ನಿಮ್ಮ ಟಾರ್ಚ್ ಅಥವಾ ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡಂತೆ ಇದ್ದಾಗ ಆ ಬೆಳಕು ನೇರವಾಗಿ ಕ್ಯಾಮೆರಾದ ಕಡೆಗೇ ಮರಳುತ್ತದೆ. ಫ್ಲ್ಯಾಶನ್ನು ತಂತಿಯ ಮೂಲಕ ಕ್ಯಾಮೆರಾದಿಂದ ಬಿಡಿಸಿ ಒಂದು ಗೇಣು ಪಕ್ಕಕ್ಕೋ ಮೇಲಕ್ಕೋ ಹಿಡಿದರೆ ಹೊಳಪು ಬಹುಮಟ್ಟಿಗೆ ಹೋಗುತ್ತದೆ. ಟಾರ್ಚನ್ನು ಕೆಲವು ನಿಮಿಷ ಹಾಗೆಯೇ ಬಿಟ್ಟರೂ ಹೊಳಪು ಹೋಗುತ್ತದೆ, ಆದರೆ ಅದು ಒಳ್ಳೆಯ ಉಪಾಯವಲ್ಲ: ಕಣ್ಣಿನೊಳಗಿನ ಕಪ್ಪು ವರ್ಣಕ ಹಗಲಿನ ಸ್ಥಿತಿಗೆ ಸರಿದದ್ದರಿಂದ ಹಾಗಾಗಿರುತ್ತದೆ, ಮತ್ತೆ ಕತ್ತಲೆಗೆ ಹೊಂದಿಕೊಳ್ಳುವವರೆಗೆ ಆ ಪತಂಗಕ್ಕೆ ಸರಿಯಾಗಿ ಕಾಣುವುದಿಲ್ಲ. ಫೋಕಸ್ ಮಾಡಲು ಕೆಂಪು ಟಾರ್ಚ್ ಬಳಸಿ. ಅನೇಕ ಪತಂಗಗಳ ಕಣ್ಣಿಗೆ ನೇರಳಾತೀತ, ನೀಲಿ, ಹಸಿರು ಗೋಚರಿಸುವಷ್ಟು ಕೆಂಪು ಗೋಚರಿಸುವುದಿಲ್ಲ. ನಿಮ್ಮ ಅಳುಕಿಗೆ ನನ್ನ ಲೆಕ್ಕ ಇಷ್ಟೇ: ಒಂದು ಪತಂಗಕ್ಕೆ ಏಳೆಂಟು ಮಿಂಚು, ಆಮೇಲೆ ಇನ್ನೊಂದು ಹೂವು. ಕೂತಿರುವ ಪತಂಗ ರೆಕ್ಕೆಯನ್ನು ನಡುಗಿಸತೊಡಗಿದರೆ ಹಾರುವುದಕ್ಕೆ ಮೈ ಬಿಸಿಮಾಡಿಕೊಳ್ಳುತ್ತಿದೆ ಎಂದರ್ಥ, ಕೊನೆಯ ಚಿತ್ರವನ್ನು ಆಗಲೇ ತೆಗೆದುಬಿಡಿ. ಕೆಲವರು ಪತಂಗವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಹೂವಿನ ಮೇಲೆ ತಂದಿಡುತ್ತಾರೆ. ಅಂಥ ಚಿತ್ರದಲ್ಲಿ ಹೀರುಕೊಳವೆ ಸುರುಳಿ ಸುತ್ತಿಕೊಂಡೇ ಇರುತ್ತದೆ, ನೋಡಿದ ಕೂಡಲೇ ತಿಳಿಯುತ್ತದೆ.

ಬೇಲಿಸಾಲು (ಸಾಗರ)

ಎಲ್ಲರಿಗೂ ವಂದನೆಗಳು. ಮೂರು ಬೆಳಗು ಕ್ಯಾಮೆರಾವನ್ನು ಚೀಲದಿಂದ ತೆಗೆಯದೆ ಕೂತು ನೋಡಿದೆ. ಎಂಟು ಗಂಟೆಯ ಹೊತ್ತಿಗೆ ಬರುವ ಸೆಫೊನೋಡಿಸ್ ಪ್ರತಿ ಸಲವೂ ತೋಡಿನ ಕಡೆಯಿಂದ ಶುರುಮಾಡಿ ಗೇಟಿನವರೆಗೆ ಹೋಗಿ ಹಿಂದಿರುಗುತ್ತದೆ. ನಾಲ್ಕನೆಯ ದಿನ ಎಳೆಬಿಸಿಲಿನವರ ಮಾತಿನಂತೆ ಫ್ಲ್ಯಾಶ್ ಇಲ್ಲದೆ, ಗೇಟಿನ ಹತ್ತಿರದ ಒಂದೇ ತೆನೆಗೆ ಫೋಕಸ್ ಕಟ್ಟಿ ಕಾದೆ. ನೂರಾ ಮೂವತ್ತು ಚಿತ್ರಗಳಲ್ಲಿ ಎರಡು ಬಂದಿವೆ. ಒಂದರಲ್ಲಿ ಮುಂಗಾಲುಗಳು ಎದೆಗೆ ಮಡಚಿಕೊಂಡಿದ್ದು, ಹೀರುಕೊಳವೆ ಹೂವಿಗೆ ಇಳಿಯುವ ಮುಂಚೆ ಮಧ್ಯದಲ್ಲಿ ಮೊಣಕಾಲಿನಂತೆ ಸಣ್ಣಗೆ ಬಾಗಿದ್ದು, ಅದರ ಮೇಲೆ ಹಿಟ್ಟಿನಂಥ ಪುಡಿ ಅಂಟಿದ್ದು ಕಾಣುತ್ತದೆ. ಅಳಿಸಿಲ್ಲ. ಮಂಡಿಯೂರಿ ಕೂತದ್ದಕ್ಕೆ ಉಂಬಳಗಳಿಗೆ ಸಲ್ಲಬೇಕಾದದ್ದೂ ಸಂದಿದೆ.

ಕಾಫಿ ಗಿಡಗಳನ್ನೂ ಹುಡುಕಿದೆ. ಬಾವಿಯ ಪಕ್ಕದ ಗಿಡದ ಕೆಳಗೆ ದಪ್ಪ ಹಿಕ್ಕೆಗಳು ಬಿದ್ದಿದ್ದವು, ತಲೆಯೆತ್ತಿ ನೋಡಿದರೆ ಹಿಂತುದಿಯಲ್ಲಿ ಕೊಂಬಿರುವ ಹಸಿರು ಹುಳು ಎಲೆಯ ನಡುನರವನ್ನಷ್ಟೇ ಬಿಟ್ಟು ಉಳಿದದ್ದನ್ನೆಲ್ಲ ತಿನ್ನುತ್ತಿತ್ತು. ಅದು ಕೋಶವಾಗಲು ಕೆಳಗಿಳಿಯುವ ದಿನ ಮೊದಲೇ ತಿಳಿಯುವ ಬಗೆ ಇದೆಯೇ?

ಕಡಲಂಚು (ಕಾರವಾರ)

ಇದೆ. ತಿನ್ನುವುದನ್ನು ನಿಲ್ಲಿಸುತ್ತದೆ, ಮೈಬಣ್ಣ ಮಾಸಿ ಕಂದಿಗೆ ತಿರುಗತೊಡಗುತ್ತದೆ, ಕೊನೆಗೆ ಗಿಡವನ್ನು ಬಿಟ್ಟು ನೆಲದ ಮೇಲೆ ಗೊತ್ತುಗುರಿಯಿಲ್ಲದಂತೆ ಹರಿದಾಡುತ್ತದೆ. ಬಾವಿಯ ಪಕ್ಕ ಎಂದಿರಿ. ಬುಡದ ತರಗೆಲೆಯನ್ನು ಈ ವಾರ ಗುಡಿಸಬೇಡಿ, ಅದು ಕೋಶವಾಗುವುದು ಅಲ್ಲಿಯೇ.